ಹಳೇ ಲಾರಿ ಕೀಗೆ ಸ್ಟಾರ್ಟ್ ಆಗದಿದ್ದಾಗ: ಇಗ್ನಿಷನ್ ವೈರಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆದ್ದಾರಿ ಪಕ್ಕದಲ್ಲಿ ಲಾರಿ ವೈರಿಂಗ್ ಅಂಗಡಿ ಇಟ್ಟುಕೊಂಡು ಬಹಳ ವರ್ಷವಾಯಿತು. ಡ್ರೈವರ್‌ಗಳು, ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕರು, ಅಡಿಕೆ-ತೆಂಗಿನ ತೋಟದಲ್ಲಿ ಹಳೇ ಟಾಟಾ 407 ಲಾರಿ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವನ್ನು ಟೀ ಕುಡಿಯುತ್ತಾ ಕೇಳಿದ್ದಾರೆ, ಕೆಲವನ್ನು ರಾತ್ರಿ ಘಾಟಿ ಮಧ್ಯದಿಂದ ಫೋನಿನಲ್ಲಿ ಕೇಳಿದ್ದಾರೆ. ಅವರ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ.

ಹಳೇ ಲಾರಿ ಅಂದರೆ ಇಲ್ಲಿ ಮೆಕ್ಯಾನಿಕಲ್ ಡೀಸೆಲ್ ಪಂಪಿನ, ಕಂಪ್ಯೂಟರ್ ಇಲ್ಲದ ಗಾಡಿ. ಟಾಟಾ 1210, ಹಳೇ 407, ಲೇಲ್ಯಾಂಡ್ ಕಾಮೆಟ್ ಈ ಸಾಲಿನವು. ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಇರುವ ಗಾಡಿಗೆ ಈ ಉತ್ತರಗಳನ್ನು ಹಚ್ಚಬೇಡಿ. ಅದರಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ದುಬಾರಿ ಸಾಮಾನು ಸುಟ್ಟುಹೋಗಬಹುದು.

## ಮೊದಲು ಇಷ್ಟು ತಿಳಿದಿರಲಿ

"ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಮತ್ತೆ ಇಗ್ನಿಷನ್ ವೈರಿಂಗ್ ಅಂದ್ರೆ ಏನಣ್ಣ?"

ಒಳ್ಳೆಯ ಪ್ರಶ್ನೆ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಆಗುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಕಿಡಿ ಬೇಕಾಗಿಲ್ಲ. ಕೀ ಇರುವ ಸ್ವಿಚ್ಚಿಗೆ ಇಗ್ನಿಷನ್ ಸ್ವಿಚ್ ಅಂತ ಪೆಟ್ರೋಲ್ ಗಾಡಿಯ ಹೆಸರೇ ಉಳಿದುಕೊಂಡಿದೆ.

ಆ ಕೀ ಮಾಡುವ ಕೆಲಸ ಮೂರು. ಡ್ಯಾಶ್‌ಬೋರ್ಡಿಗೆ ಕರೆಂಟ್ ಕೊಡುತ್ತದೆ. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಸೊಲೆನಾಯ್ಡಿಗೆ, ಅಂದರೆ ಮೋಟಾರಿಗೆ ಕರೆಂಟ್ ಜೋಡಿಸುವ ಕಾಂತದ ಸ್ವಿಚ್ಚಿಗೆ, ಕರೆಂಟ್ ಕಳಿಸುತ್ತದೆ. ಕೆಲವು ಗಾಡಿಗಳಲ್ಲಿ ಪಂಪಿನ ಮೇಲಿರುವ, ಡೀಸೆಲ್ ಕಟ್ ಮಾಡಿ ಇಂಜಿನ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡನ್ನೂ ಆಡಿಸುತ್ತದೆ. ಎಳೆಯುವ ಸ್ಟಾಪ್ ಕೇಬಲ್ ಇರುವ ಹಳೇ ಗಾಡಿಯಾದರೆ ಮೂರನೆಯದು ಇಲ್ಲ. ಅಂಥ ಇಂಜಿನ್ ಒಮ್ಮೆ ಹಿಡಿದರೆ ಮುಗಿಯಿತು, ಆಮೇಲೆ ಅದಕ್ಕೆ ಕರೆಂಟೇ ಬೇಡ.

"ನನ್ ಗಾಡಿ 12 ವೋಲ್ಟಾ, 24 ವೋಲ್ಟಾ? ಹೇಗೆ ಗೊತ್ತಾಗುತ್ತೆ?"

ಬ್ಯಾಟರಿ ಎಷ್ಟಿವೆ ಅಂತ ಎಣಿಸಿ ಹೇಳಬೇಡಿ. ಎರಡು ಬ್ಯಾಟರಿ ಇದ್ದೂ 12 ವೋಲ್ಟ್ ಇರಬಹುದು. ಒಂದರ ಪ್ಲಸ್ಸಿನಿಂದ ಇನ್ನೊಂದರ ಮೈನಸ್ಸಿಗೆ ಕೇಬಲ್ ಹೋಗಿದ್ದರೆ ಅದು 24. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿದ್ದರೆ 12. ಹಳೇ 407ರಂಥ ಸಣ್ಣ ಗಾಡಿ 12 ವೋಲ್ಟಿನವು. ಕೆಳಗೆ ನಾನು ಕೊಡುವ ಅಂಕಿ 12 ವೋಲ್ಟಿಗೆ. ನಿಮ್ಮದು 24 ಆದರೆ ಬ್ಯಾಟರಿಯ ಅಂಕಿಗಳನ್ನು ಎರಡರಷ್ಟು ಮಾಡಿಕೊಳ್ಳಿ.

"ಮನೇಲೇ ನೋಡ್ಕೊಳ್ಳೋಕೆ ಏನೇನ್ ಸಾಮಾನ್ ಬೇಕು?"

ಒಂದು ಟೆಸ್ಟ್ ಲ್ಯಾಂಪ್, ಒಂದು ಸಾಧಾರಣ ಮಲ್ಟಿಮೀಟರ್, ತಂತಿ ಬ್ರಷ್, ಎಮರಿ ಕಾಗದ, ಸ್ಪ್ಯಾನರ್. ಇಷ್ಟು ಸಾಕು.

ಟೆಸ್ಟ್ ಲ್ಯಾಂಪನ್ನು ನೀವೇ ಮಾಡಿಕೊಳ್ಳಿ. ಇಂಡಿಕೇಟರಿನ 21 ವ್ಯಾಟ್ ಬಲ್ಬು, ಹೋಲ್ಡರು, ಎರಡು ವೈರು, ಒಂದು ತುದಿಗೆ ಕ್ಲಿಪ್. ಎಲ್‌ಇಡಿ ಟೆಸ್ಟರ್ ಬೇಡ. ಕಾರಣ ಹೇಳುತ್ತೇನೆ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾದ ವೈರಿಗೆ ಮೀಟರ್ ಇಟ್ಟರೆ ಅದು 12 ವೋಲ್ಟ್ ಅಂತಲೇ ತೋರಿಸುತ್ತದೆ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ, ಉಳಿದ ಒಂದೆಳೆಯೇ ಅದಕ್ಕೆ ಸಾಕು. ಅದೇ ಜಾಗಕ್ಕೆ ಬಲ್ಬು ಹಿಡಿದರೆ ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಕೇಳುತ್ತದೆ. ಸಂಪರ್ಕ ಕೆಟ್ಟಿದ್ದರೆ ಮಂಕಾಗಿ ಉರಿಯುತ್ತದೆ, ಇಲ್ಲ ಉರಿಯುವುದೇ ಇಲ್ಲ. "ಮೀಟರ್‌ನಲ್ಲಿ ಕರೆಂಟ್ ಇದೆ, ಆದ್ರೂ ಕೆಲಸ ಮಾಡಲ್ಲ" ಅಂತ ತಲೆ ಕೆಡಿಸಿಕೊಂಡು ಬರುವವರು ಬಹಳ ಮಂದಿ. ಅವರಿಗೆಲ್ಲ ನಾನು ಮೊದಲು ಕೊಡುವುದು ಈ ಬಲ್ಬನ್ನೇ.

"ಬ್ಯಾಟರಿ ಬಿಚ್ಚುವಾಗ ಮೊದಲು ಯಾವ ಕಡೆ ಬಿಚ್ಚಬೇಕು?"

ಚಾಸಿಸ್‌ಗೆ ಹೋಗಿರುವ ಅರ್ಥ್ ಕಡೆ, ಅಂದರೆ ಸಾಮಾನ್ಯವಾಗಿ ಮೈನಸ್. ಹಾಕುವಾಗ ಅದನ್ನು ಕೊನೆಗೆ ಹಾಕಿ. ಪ್ಲಸ್ಸನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಜಾರಿ ಚಾಸಿಸ್ ಮುಟ್ಟಬಹುದು. ಆಗ ನೇರ ಶಾರ್ಟ್, ಸ್ಪ್ಯಾನರ್ ಕೆಂಪಗಾಗುತ್ತದೆ. ಬೆರಳಿನ ಉಂಗುರ, ಕೈಗಡಿಯಾರ, ಕಡಗ ತೆಗೆದಿಡಿ. ಚಾರ್ಜ್ ಆದ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಗಾಳಿ ಒಂದು ಕಿಡಿಗೆ ಸಿಡಿಯುತ್ತದೆ. ಬೀಡಿ ಹಚ್ಚಿಕೊಂಡು ಬ್ಯಾಟರಿ ಮೇಲೆ ಬಗ್ಗಬೇಡಿ. ತೀರಾ ಹಳೇ ಕೆಲವು ಬ್ರಿಟಿಷ್ ಮಾದರಿಗಳಲ್ಲಿ ಪ್ಲಸ್ಸೇ ಅರ್ಥ್ ಆಗಿರುತ್ತದೆ, ಒಮ್ಮೆ ನೋಡಿಕೊಳ್ಳಿ.

## ಸೆಲ್ಫ್ ಹೊಡೆಯದಿದ್ದಾಗ

"ಕೀ ತಿರುಗಿಸಿದ್ರೆ ಏನೂ ಸದ್ದೇ ಇಲ್ಲ. ಎಲ್ಲಿಂದ ಶುರು ಮಾಡ್ಲಿ?"

ಹೆಡ್‌ಲೈಟಿನಿಂದ. ಲೈಟ್ ಹಾಕಿ, ಗಾಡಿ ಮುಂದೆ ಒಬ್ಬರನ್ನು ನಿಲ್ಲಿಸಿ, ಕೀ ತಿರುಗಿಸಿ.

ಲೈಟ್ ಪೂರ್ತಿ ಆರಿಹೋದರೆ ಬ್ಯಾಟರಿ ಟರ್ಮಿನಲ್ ಸಡಿಲ, ಇಲ್ಲ ಬ್ಯಾಟರಿ ಸತ್ತಿದೆ. ಲೈಟ್ ಇದ್ದ ಹಾಗೇ ಜೋರಾಗಿ ಉರಿಯುತ್ತಿದ್ದರೆ ಸೊಲೆನಾಯ್ಡಿಗೆ ಕರೆಂಟೇ ತಲುಪಿಲ್ಲ, ಇಲ್ಲ ಸೊಲೆನಾಯ್ಡೇ ಕೆಟ್ಟಿದೆ. ಕರೆಂಟ್ ತಲುಪದಿದ್ದರೆ ತಪ್ಪು ಕೀ ಸ್ವಿಚ್ಚಿನಲ್ಲೋ, ಅಲ್ಲಿಂದ ಕೆಳಗೆ ಹೋಗುವ ಸಣ್ಣ ವೈರಿನಲ್ಲೋ, ವೈರುಗಳನ್ನು ಸೇರಿಸುವ ಕಪ್ಲರಿನಲ್ಲೋ ಇದೆ.

ಎರಡನೆಯದಾದರೆ ಗಾಡಿ ಕೆಳಗೆ ಹೋಗಿ. ಸೊಲೆನಾಯ್ಡ್ ಮೇಲೆ 50 ಅಂತ ನಂಬರ್ ಇರುವ ಸಣ್ಣ ಟರ್ಮಿನಲ್ ಹುಡುಕಿ, ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಮೇಲಿಂದ ಕೀ ತಿರುಗಿಸಿದಾಗ ಬಲ್ಬು ಚೆನ್ನಾಗಿ ಉರಿದರೆ ವೈರಿಂಗ್ ಸರಿಯಿದೆ, ಸೊಲೆನಾಯ್ಡ್ ಕೆಟ್ಟಿದೆ. ಉರಿಯದಿದ್ದರೆ ಹಿಂದಕ್ಕೆ ಬನ್ನಿ: ಕಪ್ಲರ್, ಆಮೇಲೆ ಕೀ ಸ್ವಿಚ್ಚಿನ ಹಿಂಭಾಗ. ಕೀ ಸ್ವಿಚ್ಚಿಗೆ ಬರುವ ವೈರಿನಲ್ಲಿ ಬಲ್ಬು ಉರಿಯುತ್ತದೆ, ಹೊರಗೆ ಹೋಗುವುದರಲ್ಲಿ ಉರಿಯುವುದಿಲ್ಲ ಅಂದರೆ ಸ್ವಿಚ್ಚೇ ಕಳ್ಳ. ಉರಿಯುವ ಜಾಗಕ್ಕೂ ಉರಿಯದ ಜಾಗಕ್ಕೂ ಮಧ್ಯೆಯೇ ತಪ್ಪು ಇರುತ್ತದೆ.

"ಟಕ್ ಅಂತ ಒಂದೇ ಸದ್ದು ಬಂದು ಸುಮ್ನಾಗುತ್ತೆ"

ಸೊಲೆನಾಯ್ಡ್ ಎಳೆದಿದೆ, ಮೋಟಾರಿಗೆ ಕರೆಂಟ್ ಹೋಗಿಲ್ಲ. ಸೊಲೆನಾಯ್ಡ್ ಒಳಗೆ ಒಂದು ತಾಮ್ರದ ಬಿಲ್ಲೆ ಇದೆ. ಅದು ಎರಡು ದಪ್ಪ ಬೋಲ್ಟುಗಳ ತಲೆಗೆ ಹೋಗಿ ಕೂತಾಗ ನೂರಾರು ಆಂಪಿಯರ್ ಅದರ ಮೂಲಕ ಹರಿಯುತ್ತದೆ. ಪ್ರತಿ ಸಲವೂ ಸ್ವಲ್ಪ ಕಿಡಿ ಹಾರುತ್ತದೆ. ವರ್ಷಗಳಾದ ಮೇಲೆ ಬಿಲ್ಲೆಯ ಅಂಚು ಹಲ್ಲಿನಿಂದ ಕಚ್ಚಿದ ಹಾಗೆ ಸುಟ್ಟು, ಕಪ್ಪಾಗಿ, ಗುಳಿ ಬಿದ್ದಿರುತ್ತದೆ. ಬಿಚ್ಚಲು ಬರುವ ಸೊಲೆನಾಯ್ಡ್ ಆದರೆ ಬಿಲ್ಲೆಯನ್ನು ತಿರುವಿ ಹಾಕಿ, ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸುಡದ ಮುಖ ಮೇಲೆ ಬರುತ್ತದೆ. ಹಳೇ ಮೇಸ್ತ್ರಿಗಳು ಮಾಡುತ್ತಿದ್ದ ಕೆಲಸ ಇದು, ಈಗಲೂ ನಡೆಯುತ್ತದೆ.

ಅದಲ್ಲದಿದ್ದರೆ ಮೋಟಾರ್ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಸೆಲ್ಫ್ ಮೈಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿತು ಅಂದರೆ ಬ್ರಷ್ಷಿನದೇ ಕಥೆ.

"ಟಕಟಕಟಕ ಅಂತ ಹೊಡ್ಕೊಳ್ಳುತ್ತೆ, ತಿರುಗಲ್ಲ"

ಹೆಚ್ಚಿನ ಸಲ ಬ್ಯಾಟರಿ ಇಳಿದಿದೆ, ಇಲ್ಲ ಟರ್ಮಿನಲ್‌ಗೆ ಹಸಿರು-ಬಿಳಿ ಬೂಷ್ಟು ಹಿಡಿದಿದೆ. ಸೊಲೆನಾಯ್ಡ್ ಎಳೆಯುತ್ತದೆ, ಮೋಟಾರ್ ಕರೆಂಟ್ ಕೇಳಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಅದೇ ಆ ಟಕಟಕ. ಬ್ಯಾಟರಿ ಸರಿಯಿದ್ದೂ ಹೀಗೆ ಆದರೆ ಸೊಲೆನಾಯ್ಡಿನ ಹಿಡಿದಿಡುವ ಸುರುಳಿ ತುಂಡಾಗಿರಬಹುದು.

ಒಂದು ರಾತ್ರಿ ಸುಮ್ಮನೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿಯ ಹತ್ತಿರ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಿ.

"ಬ್ಯಾಟರಿ ಹೊಸದು, ಸೆಲ್ಫ್ ಕೂಡ ರಿಪೇರಿ ಮಾಡ್ಸಿದೀನಿ. ಆದ್ರೂ ಮುಲುಗ್ತಾ ತಿರುಗುತ್ತೆ. ಇನ್ನೇನ್ ಮಾಡ್ಲಿ ಸಾರ್?"

ದುಡ್ಡು ಖರ್ಚು ಮಾಡಿ ಸುಸ್ತಾದವರ ಪ್ರಶ್ನೆ ಇದು. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅರ್ಥ್ ನೋಡಿದ್ದೀರಾ?

ಕರೆಂಟ್ ಬ್ಯಾಟರಿಯ ಪ್ಲಸ್ಸಿನಿಂದ ಹೊರಟು ಸೆಲ್ಫಿಗೆ ಬಂದರೆ ಸಾಲದು, ಅಷ್ಟೇ ಕರೆಂಟ್ ಇಂಜಿನ್ ಮೈಯಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗಬೇಕು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಇಂಜಿನ್ನಿಗೋ ಗೇರ್ ಬಾಕ್ಸಿಗೋ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿ ಚಾಸಿಸ್‌ಗೆ ಕಟ್ಟಿರುತ್ತಾರೆ. ಇಂಜಿನ್ ಅಲುಗಾಡಿ ಅಲುಗಾಡಿ ಆ ಪಟ್ಟಿಯ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕ್ಲಚ್ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸಿದವರು ಅದನ್ನು ವಾಪಸ್ ಹಾಕಲು ಮರೆಯುವುದೂ ಉಂಟು.

ಒಂದು ಗಾಡಿ ನೆನಪಿದೆ. ಭತ್ತದ ಲೋಡು. ಎರಡು ತಿಂಗಳಲ್ಲಿ ಎರಡು ಬ್ಯಾಟರಿ, ಸೆಲ್ಫ್ ಒಳಗೆ ತಿರುಗುವ ಒಂದು ಆರ್ಮೇಚರ್ ಬದಲಾಗಿತ್ತು. ನಾನು ಕ್ಯಾಬಿನ್ನಿನಲ್ಲಿ ಕೂತು ಸೆಲ್ಫ್ ಹೊಡೆದೆ, ಡ್ರೈವರ್ ಕೆಳಗೆ ಮೀಟರ್ ಹಿಡಿದಿದ್ದರು. ಎರಡು ಸಲ ಹೊಡೆದ ಮೇಲೆ ಸ್ಟಾಪ್ ಕೇಬಲ್ಲಿನ ಗುಂಡಿ ಮುಟ್ಟಿದೆ. ಬಿಸಿ ಚಹಾ ಲೋಟದಷ್ಟು ಕಾವು. ಕೇಬಲ್ಲಿನ ಹೊರಕವಚ ಮೆತ್ತಗಾಗಿ ವಾಸನೆ ಬರುತ್ತಿತ್ತು. ಅರ್ಥ್ ಪಟ್ಟಿ ತುಂಡಾಗಿದ್ದರಿಂದ ಸೆಲ್ಫಿನ ಕರೆಂಟೆಲ್ಲ ಇಂಜಿನ್ನಿಂದ ಆ ತೆಳ್ಳನೆ ಉಕ್ಕಿನ ತಂತಿ ಹಿಡಿದು ಕ್ಯಾಬಿನ್ನಿಗೆ ಬಂದು, ಅಲ್ಲಿಂದ ಚಾಸಿಸ್ ಸೇರುತ್ತಿತ್ತು. ಗೇರ್ ಬಾಕ್ಸ್ ಹತ್ತಿರ ಬಗ್ಗಿ ನೋಡಿದರೆ ಪಟ್ಟಿ ಮಣ್ಣು, ಗ್ರೀಸಿನಲ್ಲಿ ಮುಚ್ಚಿಹೋಗಿತ್ತು. ಕೈ ಹಾಕಿದರೆ ಪುಡಿಯಾಗಿ ಬಂತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗದ ಬಣ್ಣ ಕೆರೆದು ಬಿಗಿಮಾಡಿದೆವು. ಅರ್ಧ ಗಂಟೆ ಕೆಲಸ. ಸೆಲ್ಫ್ ಹೊಸ ಗಾಡಿ ಹಾಗೆ ಹೊಡೆಯಿತು.

ಅದಕ್ಕೇ ಹೇಳುವುದು, ಆಕ್ಸಿಲರೇಟರ್ ಕೇಬಲ್ಲೋ ಸ್ಟಾಪ್ ಕೇಬಲ್ಲೋ ಸೆಲ್ಫ್ ಹೊಡೆದಾಗ ಬಿಸಿಯಾಗುತ್ತಿದ್ದರೆ ಬೇರೆ ಏನನ್ನೂ ಬಿಚ್ಚಬೇಡಿ. ಅರ್ಥ್ ಪಟ್ಟಿಗೆ ಹೋಗಿ.

"ಬೆಳಿಗ್ಗೆ ಒಂದೇಟಿಗೆ ಸ್ಟಾರ್ಟ್. ಊಟಕ್ಕೆ ನಿಲ್ಲಿಸಿ ಬಂದ್ರೆ ಆಗಲ್ಲ"

ಬಿಸಿ ತಾಮ್ರ ಕರೆಂಟನ್ನು ಜಾಸ್ತಿ ತಡೆಯುತ್ತದೆ. ಒಂದು ಡಿಗ್ರಿಗೆ ಸುಮಾರು 0.4 ಶೇಕಡಾ. ಸೊಲೆನಾಯ್ಡ್ 60 ಡಿಗ್ರಿ ಬಿಸಿಯೇರಿದರೆ ಅದರ ಸುರುಳಿಗೆ ಹರಿಯುವ ಕರೆಂಟ್ ಹತ್ತಿರ ಹತ್ತಿರ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಕೀ ಸ್ವಿಚ್ಚಿನಿಂದ ಬರುವ ವೈರು ಗಟ್ಟಿಯಾಗಿದ್ದರೆ ಇದು ಗೊತ್ತೇ ಆಗುವುದಿಲ್ಲ. ಸ್ವಿಚ್ ಸವೆದು ಒಂದೆರಡು ವೋಲ್ಟ್ ಅಲ್ಲೇ ತಿಂದುಹಾಕುತ್ತಿದ್ದರೆ ತಣ್ಣಗಿದ್ದಾಗ ಹೇಗೋ ಎಳೆಯುತ್ತದೆ, ಬಿಸಿಯಾದಾಗ ಎಳೆಯುವುದಿಲ್ಲ. ಗಾಡಿ ಬಿಸಿ ಇರುವಾಗಲೇ 50ನೇ ಟರ್ಮಿನಲ್ಲಿನ ವೋಲ್ಟೇಜ್ ನೋಡಿ. ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ.

"ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ಹೊಡೆಸ್ತಾರಲ್ಲ, ಅದು ಸರೀನಾ?"

ಪರೀಕ್ಷೆಗೆ ಒಂದು ಸಲ ಸರಿ. ದಿನಾ ಹಾಗೆ ಸ್ಟಾರ್ಟ್ ಮಾಡುವುದು ಬೇಡವೇ ಬೇಡ. ಗಾಡಿ ಗೇರಿನಲ್ಲಿದ್ದರೆ ಸೆಲ್ಫೇ ಲಾರಿಯನ್ನು ಮುಂದಕ್ಕೆ ಎಳೆಯುತ್ತದೆ, ನೀವು ಚಕ್ರದ ಮುಂದೆ ಮಲಗಿರುತ್ತೀರಿ. ಹೀಗೆ ಜೀವ ಹೋದವರಿದ್ದಾರೆ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಕೈ ಹಾಕಿ.

ಬ್ಯಾಟರಿ ಕೇಬಲ್ ಬರುವ 30ನೇ ಬೋಲ್ಟಿನಿಂದ ಸಣ್ಣ 50ಕ್ಕೆ ಮುಟ್ಟಿಸಿದಾಗ ಸೆಲ್ಫ್ ಸರಿಯಾಗಿ ಹೊಡೆದರೆ ತಪ್ಪು ಮೇಲಿನ ಕೀ ವೈರಿಂಗಿನಲ್ಲಿದೆ. ಎರಡು ದಪ್ಪ ಬೋಲ್ಟಿಗೆ ಮುಟ್ಟಿಸಿದಾಗ ಮೋಟಾರ್ ಸುಮ್ನೆ ಕಿರ್ರೆಂದು ತಿರುಗಿದರೆ ಮೋಟಾರ್ ಚೆನ್ನಾಗಿದೆ, ಸೊಲೆನಾಯ್ಡ್ ಹೋಗಿದೆ. ಎರಡನೆಯದರಲ್ಲಿ ದೊಡ್ಡ ಕಿಡಿ ಹಾರುತ್ತದೆ, ಕಣ್ಣು ಜೋಪಾನ.

"ಸೆಲ್ಫ್ ಚೆನ್ನಾಗಿ ಹೊಡೀತದೆ, ಇಂಜಿನ್ ಮಾತ್ರ ಹಿಡಿಯಲ್ಲ"

ಸ್ಟಾಪ್ ಸೊಲೆನಾಯ್ಡ್ ಇದೆಯಾ ನೋಡಿ. ಕೆಲವು ಕರೆಂಟ್ ಇದ್ದರೆ ಮಾತ್ರ ಡೀಸೆಲ್ ಬಿಡುತ್ತವೆ. ಅಂಥದ್ದಾದರೆ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ, ಪಂಪಿನ ಹತ್ತಿರ ಕಿವಿ ಇಡಿ. ಟಕ್ ಅಂತ ಸದ್ದು ಬರಬೇಕು. ಬರದಿದ್ದರೆ ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಇನ್ನೊಂದು ಸೂಕ್ಷ್ಮ ಇದೆ. ಕೆಲವು ಸವೆದ ಕೀ ಸ್ವಿಚ್ಚುಗಳಲ್ಲಿ ಆನ್ ಇದ್ದಾಗ ಕರೆಂಟ್ ಬರುತ್ತದೆ, ಸ್ಟಾರ್ಟ್ ಕಡೆ ತಿರುಗಿಸಿದಾಗ ಕಟ್ಟಾಗುತ್ತದೆ. ಹಾಗಾಗಿ ಸೆಲ್ಫ್ ಹೊಡೆಯುವಾಗಲೂ ಬಲ್ಬು ಉರಿಯುತ್ತಿದೆಯಾ ಅಂತ ನೋಡಬೇಕು.

ಕರೆಂಟ್ ಸರಿಯಿದ್ದರೆ ವೈರಿಂಗ್ ಬಿಡಿ. ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲ ಫಿಲ್ಟರ್ ಕಟ್ಟಿದೆ. ಅದು ಪಂಪ್ ಮೇಸ್ತ್ರಿ ಕೆಲಸ.

"ಬ್ಯಾಟರಿ ಪೂರ್ತಿ ಡೌನ್. ತಳ್ಳಿ ಸ್ಟಾರ್ಟ್ ಮಾಡ್ಬಹುದಾ?"

ಸ್ಟಾಪ್ ಕೇಬಲ್ ಇರುವ ಗಾಡಿಯಾದರೆ ಹಿಡಿಯುತ್ತದೆ. ಕರೆಂಟ್ ಬೇಕಾದ ಸ್ಟಾಪ್ ಸೊಲೆನಾಯ್ಡ್ ಇದ್ದರೆ ಎಷ್ಟು ತಳ್ಳಿದರೂ ಹಿಡಿಯುವುದಿಲ್ಲ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಏರ್ ಬ್ರೇಕ್ ಗಾಡಿಯಲ್ಲಿ ಟ್ಯಾಂಕಿನಲ್ಲಿ ಗಾಳಿ ಇಲ್ಲದೆ ಇಳಿಜಾರಿಗೆ ಬಿಡಬೇಡಿ. ಇಂಜಿನ್ ಹಿಡಿಯದಿದ್ದರೆ ಕಾಲಿನ ಬ್ರೇಕೂ ಇರುವುದಿಲ್ಲ.

## ಸ್ಟಾರ್ಟ್ ಆದ ಮೇಲಿನ ತೊಂದರೆ

"ಕೀ ಬಿಟ್ರೂ ಸೆಲ್ಫ್ ತಿರುಗ್ತಾನೇ ಇದೆ!"

ಇದಕ್ಕೆ ಕಾಯಬಾರದು. ಮೇನ್ ಸ್ವಿಚ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಅರ್ಥ್ ಕಿತ್ತುಹಾಕಿ. ಸೊಲೆನಾಯ್ಡಿನ ಬಿಲ್ಲೆ ಬೋಲ್ಟಿಗೆ ಬೆಸೆದುಕೊಂಡಿದ್ದರೆ ಕೀ ತೆಗೆದರೂ ನಿಲ್ಲುವುದಿಲ್ಲ. ಇಂಜಿನ್ ಹಿಡಿದ ಮೇಲೂ ಸೆಲ್ಫ್ ಹಲ್ಲು ಕಚ್ಚಿಕೊಂಡಿದ್ದರೆ ಫ್ಲೈವೀಲ್ ಅದನ್ನು ವಿಪರೀತ ವೇಗದಲ್ಲಿ ತಿರುಗಿಸಿ ಆರ್ಮೇಚರ್ ಹಾಳುಮಾಡುತ್ತದೆ. ಕೀ ಸ್ವಿಚ್ಚಿನ ಸ್ಪ್ರಿಂಗ್ ಸೋತು ಹಿಂದಕ್ಕೆ ಬರದಿರುವುದೂ ಒಂದು ಕಾರಣ. ಇಳಿದ ಬ್ಯಾಟರಿಯಲ್ಲಿ ಟಕಟಕ ಅಂತ ಪದೇ ಪದೇ ಹೊಡೆದರೆ ಬಿಲ್ಲೆ ಬೆಸೆದುಕೊಳ್ಳುವುದು ಜಾಸ್ತಿ.

"ಕೀ ಆಫ್ ಮಾಡಿದ್ರೂ ಇಂಜಿನ್ ನಿಲ್ಲಲ್ಲ"

ನಿಲ್ಲಿಸಲು ಕರೆಂಟ್ ಬೇಕಾದ ಸೊಲೆನಾಯ್ಡ್ ಆಗಿದ್ದರೆ ಅದರ ಫ್ಯೂಸೋ ವೈರೋ ಹೋಗಿದೆ. ಓಡಲು ಕರೆಂಟ್ ಬೇಕಾದದ್ದಾಗಿದ್ದರೆ ಎಲ್ಲಿಂದಲೋ ಕಳ್ಳ ಕರೆಂಟ್ ಬರುತ್ತಿದೆ. ನಾನು ನೋಡಿದ ಮಟ್ಟಿಗೆ ಆಮೇಲೆ ಸೇರಿಸಿದ ಫ್ಯಾನು, ಸೀರಿಯಲ್ ಲೈಟು, ಹಾಡಿನ ಸೆಟ್ಟು ಇವುಗಳ ವೈರೇ ಹೆಚ್ಚು. ಒಂದು ತುದಿ ನೇರ ಬ್ಯಾಟರಿಯಿಂದ, ಇನ್ನೊಂದು ತುದಿ ಕೀ ಲೈನಿಗೆ ಸುತ್ತಿರುತ್ತಾರೆ. ಕೀ ಆಫ್ ಮಾಡಿ ಸೊಲೆನಾಯ್ಡ್ ವೈರಿಗೆ ಟೆಸ್ಟ್ ಲ್ಯಾಂಪ್ ಕಟ್ಟಿ. ಸೇರಿಸಿದ ವೈರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಬಲ್ಬು ಆರಿದ ವೈರೇ ಕಾರಣ. ಒಂದೂ ಅಲ್ಲದಿದ್ದರೆ ಕೀ ಸ್ವಿಚ್ಚಿನ ಒಳಗೆ ಸಂಪರ್ಕ ಅಂಟಿಕೊಂಡಿದೆ.

ತುರ್ತಿಗೆ ಪಂಪಿನ ಸ್ಟಾಪ್ ಲಿವರನ್ನು ಕೈಯಿಂದ ಎಳೆದು ನಿಲ್ಲಿಸಬಹುದು.

"ಚಾರ್ಜ್ ಲೈಟ್ ಬಲ್ಬು ಹೋಗಿದೆ ಅಷ್ಟೇ. ಬಿಟ್ರೆ ಏನಾಗುತ್ತೆ?"

ಚಾರ್ಜಿಂಗೇ ನಿಲ್ಲಬಹುದು. ಬಹಳ ಆಲ್ಟರ್ನೇಟರ್‌ಗಳಲ್ಲಿ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಮೊದಲ ಕಾಂತಶಕ್ತಿಗೆ ಬೇಕಾದ ಸಣ್ಣ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. ಬಲ್ಬು ಹೋದರೆ ಇಂಜಿನ್ ಜೋರಾಗಿ ರೇಸ್ ಆಗುವ ತನಕ ಚಾರ್ಜ್ ಶುರುವಾಗುವುದಿಲ್ಲ. ಎಷ್ಟೋ ಸಲ ಶುರುವಾಗುವುದೇ ಇಲ್ಲ. ಅದರ ಜಾಗಕ್ಕೆ ಎಲ್‌ಇಡಿ ಹಾಕಿದರೂ ಇದೇ ತೊಂದರೆ, ಅದು ಬಿಡುವ ಕರೆಂಟ್ ಸಾಲದು. ಮೊದಲಿದ್ದಷ್ಟೇ ವ್ಯಾಟಿನ ತಂತಿ ಬಲ್ಬು ಹಾಕಿ.

ಕೀ ಆನ್ ಮಾಡಿದಾಗ ಲೈಟ್ ಹತ್ತಬೇಕು, ಇಂಜಿನ್ ಹಿಡಿದ ಮೇಲೆ ಆರಬೇಕು. ಆಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಇಂಜಿನ್ ಓಡುವಾಗ "ಚಾರ್ಜ್ ಆಗ್ತಿದೆಯಾ ನೋಡೋಣ" ಅಂತ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಅಭ್ಯಾಸ ಡೈನಮೊ ಕಾಲದ್ದು. ಆಲ್ಟರ್ನೇಟರಿಗೆ ಹಾಗೆ ಮಾಡಿದರೆ ವೋಲ್ಟೇಜ್ ಎಗರಿ ಡಯೋಡ್ ಸುಡುತ್ತದೆ.

"ಹಳ್ಳ ಬಿದ್ದ ರೋಡಲ್ಲಿ ಡ್ಯಾಶ್‌ಬೋರ್ಡೆಲ್ಲ ಆಫ್ ಆಗಿ ಮತ್ತೆ ಬರುತ್ತೆ. ಮಳೆಗಾಲದಲ್ಲಂತೂ ದಿನಾ"

ಎಲ್ಲೋ ಒಂದು ಸಂಪರ್ಕ ಅಲ್ಲಾಡುತ್ತಿದೆ. ಗಾಡಿ ನಿಲ್ಲಿಸಿ, ಕೀ ಆನ್ ಇಟ್ಟು, ವೈರಿನ ಕಟ್ಟನ್ನು ಒಂದೊಂದು ಗೇಣಿಗೆ ಹಿಡಿದು ಅಲುಗಾಡಿಸುತ್ತಾ ಹೋಗಿ. ಕಪ್ಲರ್, ಫ್ಯೂಸ್ ಬಾಕ್ಸ್, ಕೀ ಸ್ವಿಚ್ಚಿನ ಹಿಂದೆ, ಕ್ಯಾಬಿನ್ ಗೋಡೆ ದಾಟುವ ತೂತು ಈ ನಾಲ್ಕು ಕಡೆ ಸಿಗದಿದ್ದರೆ ಆಶ್ಚರ್ಯವೇ. ಗೋಡೆ ತೂತಿನ ರಬ್ಬರ್ ಬಿದ್ದುಹೋಗಿದ್ದರೆ ತಗಡಿನ ಅಂಚು ವೈರನ್ನು ಗರಗಸದ ಹಾಗೆ ಕೊಯ್ಯುತ್ತದೆ. ಕರಾವಳಿ ಗಾಡಿಗಳಲ್ಲಿ ಉಪ್ಪು ಗಾಳಿಗೆ ತಾಮ್ರ ಹಸಿರಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತದೆ. ಬೆರಳಲ್ಲಿ ಬಗ್ಗಿಸಿ ನೋಡಿ. ಒಳಗೆ ತಾಮ್ರ ತಿಂದುಹೋದ ಜಾಗ ಮೆತ್ತಗಿರುತ್ತದೆ, ಇಲ್ಲ ಕರಕರ ಅನ್ನುತ್ತದೆ. ಗೋಡೌನ್ ಹತ್ತಿರ ನಿಲ್ಲುವ ಗಾಡಿಗೆ ಇಲಿ ಕಾಟ ಬೇರೆ.

"ಮೂರ್ ದಿನ ನಿಲ್ಲಿಸಿದ್ರೆ ಬ್ಯಾಟರಿ ಖಾಲಿ"

ಎಲ್ಲ ಆಫ್ ಮಾಡಿ, ಬ್ಯಾಟರಿ ಅರ್ಥ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ ಮಧ್ಯೆ ಸೇರಿಸಿ. ಮೀಟರ್ ಹಾಗಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. ಹಳೇ ಗಾಡಿಯಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ಆಂಪಿಯರ್ ಸೋರುತ್ತಿದ್ದರೂ ದಿನಕ್ಕೆ 12 ಆಂಪಿಯರ್-ಗಂಟೆ ಹೋಯಿತು. ಮೂರು ದಿನಕ್ಕೆ 36. ನೂರರ ಬ್ಯಾಟರಿ ಸ್ವಲ್ಪ ಹಳತಾಗಿದ್ದರೆ ಅಷ್ಟು ಹೋದ ಮೇಲೆ ಡೀಸೆಲ್ ಇಂಜಿನ್ ತಿರುಗಿಸುವುದು ಕಷ್ಟ.

ಫ್ಯೂಸ್ ಒಂದೊಂದಾಗಿ ಕೀಳಿ. ಯಾವುದು ಕಿತ್ತಾಗ ಅಂಕಿ ಇಳಿಯಿತೋ ಆ ಲೈನು. ಫ್ಯೂಸೆಲ್ಲ ಕಿತ್ತರೂ ಸೋರುತ್ತಿದ್ದರೆ ನೇರ ಬ್ಯಾಟರಿಗೆ ಕೊಟ್ಟಿರುವ ಜಿಪಿಎಸ್ ನೋಡಿ. ಆಮೇಲೆ ಆಲ್ಟರ್ನೇಟರಿನ ದಪ್ಪ ವೈರು. ಅದನ್ನು ಬಿಚ್ಚಿದಾಗ ನಿಂತರೆ ಒಳಗೆ ಡಯೋಡ್ ಲೀಕ್.

## ಪೆಟ್ರೋಲ್ ಲಾರಿ ಇರುವವರಿಗೆ

"ಸೆಲ್ಫ್ ಹೊಡೀತಾ ಇರುವಾಗ ಹಿಡಿಯುತ್ತೆ, ಕೀ ಬಿಟ್ಟ ತಕ್ಷಣ ಆಫ್!"

ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ನಿಸಾನ್ ಒನ್ ಟನ್, ಹಳೇ ಡಾಡ್ಜ್, ಬೆಡ್‌ಫರ್ಡ್ ಪ್ರೀತಿಯಿಂದ ಇಟ್ಟುಕೊಂಡವರು ಈಗಲೂ ಇದ್ದಾರೆ. ಪೆಟ್ರೋಲ್ ಇಂಜಿನ್ನಿಗೆ ನಿಜವಾದ ಇಗ್ನಿಷನ್ ಇದೆ: ವೋಲ್ಟೇಜ್ ಏರಿಸುವ ಕಾಯಿಲ್, ಅದರ ಕರೆಂಟ್ ಕಡಿಯುವ ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್.

ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯಲ್ಲಿ ಕಾಯಿಲಿಗೆ ಎರಡು ದಾರಿಯಿಂದ ಕರೆಂಟ್ ಬರುತ್ತದೆ. ಸೆಲ್ಫ್ ಹೊಡೆಯುವಾಗ ಪೂರ್ತಿ ವೋಲ್ಟೇಜ್ ನೇರ ಬರುತ್ತದೆ. ಕೀ ಬಿಟ್ಟ ಮೇಲೆ ರೆಸಿಸ್ಟರ್ ಮೂಲಕ ಕಡಿಮೆಯಾಗಿ ಬರುತ್ತದೆ. ರೆಸಿಸ್ಟರ್ ತುಂಡಾದರೆ ನೀವು ಹೇಳಿದ ಹಾಗೇ ಆಗುತ್ತದೆ. ಕೀ ಸ್ವಿಚ್ಚಿನ ಆನ್ ಸಂಪರ್ಕ ಹೋಗಿದ್ದರೂ ಇದೇ ಲಕ್ಷಣ. ಕೀ ಆನ್ ಇಟ್ಟು ರೆಸಿಸ್ಟರಿನ ಎರಡೂ ಕಡೆ ಬಲ್ಬು ಹಿಡಿದರೆ ಯಾವುದು ಅಂತ ತಿಳಿಯುತ್ತದೆ. ರೆಸಿಸ್ಟರ್ ಬಿಟ್ಟು ನೇರ ವೈರು ಕೊಟ್ಟು ಓಡಿಸಬೇಡಿ, ಪಾಯಿಂಟೂ ಕಾಯಿಲೂ ಬೇಗ ಸುಡುತ್ತವೆ.

"ಪಾಯಿಂಟ್ ಪದೇ ಪದೇ ಸುಡುತ್ತೆ"

ಕಂಡೆನ್ಸರ್ ಬದಲಾಯಿಸಿ. ಅದರ ಮೈ ಕೂರುವ ಜಾಗದ ತುಕ್ಕು ಕೆರೆಯಿರಿ, ಅದರ ಅರ್ಥ್ ಅದೇ. ಕಿಡಿ ಹಳದಿಯಾಗಿ, ಬಲವಿಲ್ಲದೆ ಇದ್ದರೆ ಅನುಮಾನ ಗಟ್ಟಿ. ಒಳ್ಳೆಯ ಕಿಡಿ ನೀಲಿಯಾಗಿ ಚಟ್ ಅನ್ನುತ್ತದೆ.

## ಸ್ವಲ್ಪ ಆಳಕ್ಕೆ ಹೋಗುವವರಿಗೆ

"ವೋಲ್ಟೇಜ್ ಡ್ರಾಪ್ ನೋಡಬೇಕು ಅಂತಾರೆ. ಅದನ್ನ ಹೇಗೆ ನೋಡೋದು?"

ಇದೊಂದು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೀಟರಿನ ವೈರಿನ ತುದಿಯ ಒಂದು ಮುಳ್ಳು ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಸೆಲ್ಫಿನ 30ನೇ ಬೋಲ್ಟಿನ ಮೇಲೆ ಇಡಿ. ಕಂಬದ ಮೇಲೆ ಅಂದೆ, ಕ್ಲ್ಯಾಂಪಿನ ಮೇಲಲ್ಲ. ಒಬ್ಬರು ಸೆಲ್ಫ್ ಹೊಡೆಯಲಿ. ಆಗ ಕಾಣುವ ಅಂಕಿಯೇ ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟು. ಅರ್ಧ ವೋಲ್ಟಿನ ಒಳಗಿದ್ದರೆ ಸರಿ. ಆಮೇಲೆ ಬ್ಯಾಟರಿ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಇಡಿ. ಇದು 0.2-0.3ರ ಒಳಗಿರಬೇಕು.

ಲೆಕ್ಕ ಹಾಕಿ ನೋಡಿ. 50 ಚದರ ಮಿಲಿಮೀಟರ್ ತಾಮ್ರದ ಕೇಬಲ್, 2 ಮೀಟರ್ ಉದ್ದ, ಸೆಲ್ಫ್ ಎಳೆಯುವುದು 300 ಆಂಪಿಯರ್ ಅಂದರೆ ಕಳೆಯುವುದು ಸುಮಾರು 0.2 ವೋಲ್ಟ್ ಮಾತ್ರ. ಅದೇ ಕೇಬಲ್ಲಿನ ತುದಿಯ ತಿಂಬಲ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಬೂಷ್ಟು ಹಿಡಿದು ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಸೇರಿಸಿದೆ ಅನ್ನಿ. ಅಷ್ಟಕ್ಕೇ 300 ಆಂಪಿಯರಿನಲ್ಲಿ 3 ವೋಲ್ಟ್ ಹೋಯಿತು! ಆ ನೂರನೇ ಒಂದು ಭಾಗವನ್ನು ಸಾಧಾರಣ ಮೀಟರಿನ ಓಮ್ ಜಾಗದಲ್ಲಿ ಹಿಡಿಯಲು ಆಗುವುದೇ ಇಲ್ಲ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಸಿಗುತ್ತದೆ. ಅಂಕಿ ಜಾಸ್ತಿ ಬಂದರೆ ಮುಳ್ಳನ್ನು ಒಂದೊಂದು ಜೋಡಣೆಗೆ ಹತ್ತಿರ ತರುತ್ತಾ ಹೋಗಿ. ಎಲ್ಲಿ ದಿಢೀರ್ ಇಳಿಯಿತೋ, ಈಗ ತಾನೇ ದಾಟಿದ ಜೋಡಣೆಯನ್ನು ಬಿಚ್ಚಿ ಉಜ್ಜಿ.

"ಕೀ ಸ್ವಿಚ್ ಆರು ತಿಂಗಳಿಗೊಂದ್ ಸಲ ಸುಡುತ್ತೆ. ರಿಲೇ ಹಾಕ್ಲಾ?"

ಹಾಕಿ. ಸೊಲೆನಾಯ್ಡ್ ಎಳೆಯುವ ಮೊದಲ ಕ್ಷಣದಲ್ಲಿ ಹತ್ತಾರು ಆಂಪಿಯರ್ ಬೇಕು, ಅಷ್ಟೂ ಆ ಸಣ್ಣ ಸ್ವಿಚ್ಚಿನ ಮೂಲಕ ಹೋಗುತ್ತದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಜೋಡಿಸುವ ಸ್ವಿಚ್. ಅದನ್ನು ಹಾಕಿದರೆ ಕೀ ಸ್ವಿಚ್ ಹೊರುವುದು ಸುಮಾರು 0.2 ಆಂಪಿಯರ್ ಮಾತ್ರ. ಕೀಯಿಂದ ಬರುವ ಸ್ಟಾರ್ಟ್ ವೈರು 86ಕ್ಕೆ, 85 ಅರ್ಥಿಗೆ, ಬ್ಯಾಟರಿಯಿಂದ ಫ್ಯೂಸ್ ಹಾಕಿದ 4 ಚದರ ಮಿಲಿಮೀಟರ್ ವೈರು 30ಕ್ಕೆ, 87ರಿಂದ ಸೊಲೆನಾಯ್ಡಿನ 50ಕ್ಕೆ. 24 ವೋಲ್ಟ್ ಗಾಡಿಗೆ 24ರ ರಿಲೇಯೇ ಬೇಕು. ಬಾಯಿ ಕೆಳಗೆ ಬರುವ ಹಾಗೆ ಕೂರಿಸಿ, ನೀರು ನಿಲ್ಲುವುದಿಲ್ಲ.

"24 ವೋಲ್ಟ್ ಗಾಡೀಲಿ ಒಂದು ಬ್ಯಾಟರಿಯಿಂದ ಸೆಟ್‌ಗೆ 12 ತಗೊಂಡ್ರೆ ತಪ್ಪಾ?"

ತಪ್ಪು. ಆ ಒಂದು ಬ್ಯಾಟರಿ ಮಾತ್ರ ಇಳಿಯುತ್ತದೆ. ಆಲ್ಟರ್ನೇಟರಿಗೆ ಎರಡೂ ಸೇರಿದ 28 ಮಾತ್ರ ಕಾಣುತ್ತದೆ. ಇಳಿದದ್ದು ಎಂದೂ ತುಂಬುವುದಿಲ್ಲ, ತುಂಬಿದ್ದು ಕುದಿದು ನೀರು ಕಳೆದುಕೊಳ್ಳುತ್ತದೆ. ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿ.

"ವೈರ್ ಬಣ್ಣ ನೋಡಿ ಹೇಳ್ಬಹುದಾ?"

ಸ್ವಲ್ಪ ಮಟ್ಟಿಗೆ. ಟಾಟಾ ಲಾರಿ ಶುರುವಾಗಿದ್ದು 1954ರಲ್ಲಿ, ಜರ್ಮನಿಯ ಡೈಮ್ಲರ್ ಬೆನ್ಜ್ ಜೊತೆಗಿನ ಒಪ್ಪಂದದಿಂದ. 15, 30, 50, 31 ಇವೆಲ್ಲ ಜರ್ಮನ್ ನಂಬರುಗಳು: 30 ಬ್ಯಾಟರಿ, 15 ಕೀ ಆನ್, 50 ಸ್ಟಾರ್ಟ್, 31 ಅರ್ಥ್. ಲೇಲ್ಯಾಂಡ್ ಬಂದದ್ದು ಬ್ರಿಟನ್ನಿನ ಕಡೆಯಿಂದ. ಬ್ರಿಟಿಷ್ ಪದ್ಧತಿಯಲ್ಲಿ ಕಂದು ಬ್ಯಾಟರಿಯಿಂದ ನೇರ, ಬಿಳಿ ಕೀ ಆನ್, ಬಿಳಿಯಲ್ಲಿ ಕೆಂಪು ಗೆರೆ ಸ್ಟಾರ್ಟ್, ಕಪ್ಪು ಅರ್ಥ್. ಆದರೆ ಮೂವತ್ತು ವರ್ಷದಲ್ಲಿ ಹತ್ತು ಕೈ ದಾಟಿದ ಗಾಡಿಯಲ್ಲಿ ಅಂಗಡಿಯಲ್ಲಿ ಆ ದಿನ ಯಾವ ಬಣ್ಣ ಇತ್ತೋ ಅದನ್ನೇ ಹಾಕಿರುತ್ತಾರೆ. ಬಣ್ಣ ನೋಡಿ ಊಹಿಸಿ, ಬಲ್ಬು ಹಿಡಿದು ಖಾತ್ರಿ ಮಾಡಿಕೊಳ್ಳಿ.

"ಪೂರ್ತಿ ವೈರಿಂಗ್ ಬದಲಾಯಿಸೋದೇ ಒಳ್ಳೇದಾ?"

ಒಂದೆರಡು ಕಡೆ ಕೆಟ್ಟಿದ್ದರೆ ಬೇಡ. ಪ್ಲಾಸ್ಟಿಕ್ ಗರಿಗರಿಯಾಗಿ ಉದುರುತ್ತಿದ್ದರೆ, ಅಡಿಗಡಿಗೂ ಟೇಪು ಸುತ್ತಿದ್ದರೆ, ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆಯೋ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೋ ಇದ್ದರೆ ಬದಲಾಯಿಸಿ. ಅಂಥ ಗಾಡಿಗೆ ಬೆಂಕಿ ಬೀಳಲು ಒಂದು ಶಾರ್ಟ್ ಸಾಕು. ಕ್ಯಾಬಿನ್ನಿನಲ್ಲಿ ಮಲಗುವವರು ಡ್ರೈವರೂ ಕ್ಲೀನರೂ ಅಲ್ವಾ?

ಮಾಡಿಸುವಾಗ ಎದುರಿಗೇ ನಿಂತು ಮೂರು ಕೇಳಿ. ಜೋಡಣೆಯನ್ನು ಕೈಯಲ್ಲಿ ತಿರುಚಿ ಟೇಪು ಸುತ್ತುವುದು ಬೇಡ, ಲಗ್ ಹಾಕಿ ಒತ್ತಿ ಸ್ಲೀವ್ ಹಾಕಲಿ. ಗೋಡೆ ದಾಟುವ ಕಡೆಯೆಲ್ಲ ಹೊಸ ರಬ್ಬರ್ ಇರಲಿ. ಸೆಲ್ಫಿನ ದಪ್ಪ ಕೇಬಲ್ ಬಿಟ್ಟು ಬ್ಯಾಟರಿಯಿಂದ ಹೊರಡುವ ಪ್ರತಿ ವೈರಿಗೂ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಹಳೇ ವೈರಿಂಗ್ ಕಿತ್ತು ಎಸೆಯುವ ಮುಂಚೆ ಪ್ರತಿ ತುದಿಗೂ ಕಾಗದ ಕಟ್ಟಿ ಎಲ್ಲಿಂದ ಎಲ್ಲಿಗೆ ಅಂತ ಬರೆಯಿರಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಹೊಸದು ಹಾಕಿ ಮುಗಿದ ದಿನವೇ ಇಂಜಿನ್ನಿನ ಅರ್ಥ್ ಪಟ್ಟಿಯನ್ನೂ ಹೊಸದು ಹಾಕಿಸಿ.